ನಲಿ-ಕಲಿ ಕೋಣೆಗೆ ಕೈಯಿಂದ ಖರ್ಚು: ರಿಯಾಯಿತಿಯ ಮಿತಿ, ನೆಟ್ ರೇಟು, ಲ್ಯಾಮಿನೇಶನ್ ಲೆಕ್ಕ

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಮಕ್ಕಳು ಗುಂಪಿನಲ್ಲಿ ಕುಳಿತು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ) ಕೋಣೆ ನಡೆಸುವವರಿಗೆ ಈ ಖರ್ಚು ಹೊಸದಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ ಇಲಾಖೆಯಿಂದ ಬರುತ್ತವೆ. ಕಲಿಕಾ ಕಾರ್ಡುಗಳೂ ಬರುತ್ತವೆ. ಆದರೆ ಪೆನ್ಸಿಲು, ರಬ್ಬರು, ಕ್ರೇಯಾನು, ಗೋಂದು, ಚಾರ್ಟ್ ಶೀಟು, ಮಕ್ಕಳ ಕೆಲಸ ತೂಗುಹಾಕುವ ಚಪ್ಪರಕ್ಕೆ ಕಟ್ಟುವ ದಾರ, ಕ್ಲಿಪ್ಪು, ಹರಿದ ಕಾರ್ಡಿನ ಜಾಗಕ್ಕೆ ಬೇಕಾದ ಹೊಸ ಕಾರ್ಡು ಇವೆಲ್ಲ ತರಗತಿ ಶಿಕ್ಷಕರ ಪರ್ಸಿನಿಂದಲೇ ಹೋಗುತ್ತವೆ. ಮೂವತ್ತು ಮಕ್ಕಳ ಕೋಣೆಗೆ ವರ್ಷಕ್ಕೆ ಐದಾರು ಸಾವಿರ ರೂಪಾಯಿ ನನ್ನ ಕೈಯಿಂದ ಹೋಗುತ್ತಿತ್ತು. ಈಗ ಅದು ಎರಡೂವರೆ ಸಾವಿರದೊಳಗೆ ನಿಂತಿದೆ. ಮಕ್ಕಳಿಗೆ ಸಿಗುವ ಸಾಮಾನು ಕಡಿಮೆ ಮಾಡಿಲ್ಲ, ಕೊಳ್ಳುವ ರೀತಿ ಬದಲಿಸಿದ್ದೇನೆ ಅಷ್ಟೆ.

ಕೊಳ್ಳುವ ಮೊದಲು ಒಂದು ಕೆಲಸ ಇದೆ. ಯಾವುದನ್ನು ಶಾಲೆಯ ಅನುದಾನದಿಂದ ತರಬೇಕು, ಯಾವುದನ್ನು ನಾವು ತರಬೇಕು ಎಂದು ಬೇರ್ಪಡಿಸುವುದು. ಸಮಗ್ರ ಶಿಕ್ಷಾದ ಸಂಯುಕ್ತ ಶಾಲಾ ಅನುದಾನ ದಾಖಲಾತಿಯ ಮೇಲೆ ನಿಂತಿದೆ: 30 ಮಕ್ಕಳವರೆಗೆ ₹10,000, 31ರಿಂದ 100ರವರೆಗೆ ₹25,000, 101ರಿಂದ 250ರವರೆಗೆ ₹50,000. ಇದರಲ್ಲಿ ಶೇ 10 ಸ್ವಚ್ಛತೆಗೆ ಮೀಸಲು. ಸೀಮೆಸುಣ್ಣ, ಡಸ್ಟರ್, ಕಪ್ಪುಹಲಗೆಯ ಬಣ್ಣ, ಹಾಜರಿ ಪುಸ್ತಕ, ಎ4 ಕಾಗದ ಇವೆಲ್ಲ ಈ ಹಣದಲ್ಲೇ ಬರಬೇಕು. ಹಣ ತಡವಾಗಿ ಬರುತ್ತದೆ ಎಂದು ಜೂನ್‌ನಲ್ಲಿ ನಾವೇ ಕೊಟ್ಟು ತಂದುಬಿಡುತ್ತೇವೆ. ಎಡವುವುದು ಇಲ್ಲೇ. ಈಗ ಪಾವತಿ ಪಿಎಫ್‌ಎಂಎಸ್ (ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆ) ಮೂಲಕ ಅಂಗಡಿಯವರ ಖಾತೆಗೇ ನೇರವಾಗಿ ಹೋಗುತ್ತದೆ. ಶಿಕ್ಷಕರು ಮೊದಲೇ ಕೊಟ್ಟ ದುಡ್ಡು ತಿರುಗಿ ಅವರ ಕೈಗೆ ಬರುವ ದಾರಿ ಕಷ್ಟ. ಆದ್ದರಿಂದ ಅನುದಾನಕ್ಕೆ ಸೇರಿದ ಸಾಮಾನನ್ನು ಒಂದೇ ಅಂಗಡಿಯಿಂದ, ಶಾಲೆಯ ಹೆಸರಿಗೆ ಬಿಲ್ ಹಾಕಿಸಿ ಉದ್ರಿ ತರುವುದು ಒಳ್ಳೆಯದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ನಡಾವಳಿ ಬರೆಸಿ, ಮುಖ್ಯ ಶಿಕ್ಷಕರು ಅಂಗಡಿಯವರ ಬ್ಯಾಂಕ್ ವಿವರವನ್ನೂ ತೆಗೆದಿಟ್ಟುಕೊಂಡರೆ ಹಣ ಬಂದ ವಾರದಲ್ಲೇ ಬಾಕಿ ತೀರುತ್ತದೆ. ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿಯವರು ಶಾಲೆಗಳಿಗೆ ಉದ್ರಿ ಕೊಟ್ಟು ಅಭ್ಯಾಸವಿರುವವರು. ಕೇಳಲು ಸಂಕೋಚ ಬೇಡ.

ಅಮೆರಿಕದಲ್ಲಿ ಶಿಕ್ಷಕರು ತರಗತಿಗೆ ಮಾಡಿದ ಸ್ವಂತ ಖರ್ಚನ್ನು ಒಂದು ಮಿತಿಯವರೆಗೆ ತೆರಿಗೆ ಲೆಕ್ಕದಲ್ಲಿ ಕಳೆಯಲು ಅವಕಾಶವಿದೆ. ನಮ್ಮ ಆದಾಯ ತೆರಿಗೆಯಲ್ಲಿ ಅಂಥ ಕಲಮು ಇಲ್ಲ. ಹಾಗಾಗಿ ನಮ್ಮ ಉಳಿತಾಯವೆಲ್ಲ ಅಂಗಡಿಯ ಮುಂದೆಯೇ ಆಗಬೇಕು.

ಇನ್ನು ರಿಯಾಯಿತಿಯ ವಿಷಯ. ಸೂಪರ್ ಮಾರ್ಕೆಟ್ಟುಗಳು ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಶಾಲಾ ಸಾಮಗ್ರಿಗೆ ದೊಡ್ಡ ಬೋರ್ಡು ಹಾಕುತ್ತವೆ. ಆ ಬೋರ್ಡಿನಲ್ಲಿ ಮೂರು ಬಗೆಯ ಮಿತಿ ಅಡಗಿರುತ್ತದೆ.

ಒಂದು, ಸಂಖ್ಯೆಯ ಮಿತಿ. ‘ಒಬ್ಬ ಗ್ರಾಹಕರಿಗೆ 4 ಮಾತ್ರ’ ಎಂಬ ಬಗೆಯದು. ಇದು ಬಿಲ್ಲಿಂಗ್ ಯಂತ್ರದಲ್ಲೇ ಕೂತಿರುತ್ತದೆ. ಐದನೆಯದನ್ನು ಸ್ಕ್ಯಾನ್ ಮಾಡಿದರೆ ಯಂತ್ರ ಒಪ್ಪುವುದಿಲ್ಲ, ಇಲ್ಲವೇ ಐದನೆಯದಕ್ಕೆ ಪೂರ್ತಿ ಎಂಆರ್‌ಪಿ ಹಾಕುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಉದ್ದದ ಬಿಲ್ಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕೌಂಟರ್ ಬಿಡುವ ಮೊದಲು ಒಂದೊಂದು ಸಾಲಿನ ದರ ನೋಡಿ. ಅಂಗಡಿಯವರು ಹೀಗೆ ಮಿತಿ ಹಾಕುವುದಕ್ಕೆ ಕಾರಣವಿದೆ: ಆ ದರದಲ್ಲಿ ಅವರಿಗೆ ಲಾಭ ಇರುವುದಿಲ್ಲ, ಮಿತಿ ಇಲ್ಲದಿದ್ದರೆ ಪಕ್ಕದ ಬೀದಿಯ ಸಣ್ಣ ಅಂಗಡಿಯವರು ಬಂದು ಪೂರಾ ಮಾಲು ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ನಾವು ಮರುಮಾರಾಟಕ್ಕಲ್ಲ, ಶಾಲೆಗೆ ಎಂದು ಮೊದಲೇ ಮ್ಯಾನೇಜರಿಗೆ ಹೇಳಿದರೆ ಕೆಲವರು ಮಿತಿ ಸಡಿಲಿಸುತ್ತಾರೆ. ಗುರುತಿನ ಚೀಟಿ ಜೊತೆಗಿರಲಿ. ವಾರದ ನಡುವೆ, ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಕೇಳಿದರೆ ಹೂಂ ಎನ್ನುವ ಸಾಧ್ಯತೆ ಹೆಚ್ಚು. ಭಾನುವಾರ ಸಂಜೆಯ ನೂಕುನುಗ್ಗಲಿನಲ್ಲಿ ಕೇಳಿದರೆ ಇಲ್ಲ ಎಂದೇ ಉತ್ತರ.

ಎರಡು, ರೂಪಾಯಿಯ ಮಿತಿ. ಆನ್‌ಲೈನ್ ಕೂಪನ್ನುಗಳಲ್ಲಿ ಇದು ಸಾಮಾನ್ಯ. ‘ಶೇ 20 ರಿಯಾಯಿತಿ, ಗರಿಷ್ಠ ₹150’ ಎಂದಿದ್ದರೆ ₹750ರ ಖರೀದಿಯವರೆಗೆ ಮಾತ್ರ ಅದು ನಿಜವಾದ ಶೇ 20. ₹1,500ಕ್ಕೆ ಅದು ಶೇ 10, ₹3,000ಕ್ಕೆ ಬರೀ ಶೇ 5. ಆದ್ದರಿಂದ ಬುಟ್ಟಿಯನ್ನು ₹750ರ ಆಸುಪಾಸಿಗೆ ತಂದು ನಿಲ್ಲಿಸಬೇಕು. ಮಿತಿಯ ರೂಪಾಯಿಯನ್ನು ಶೇಕಡಾವಾರಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಲ್ಲಿಸಬೇಕಾದ ಮೊತ್ತ ಸಿಗುತ್ತದೆ. ಕೂಪನ್ ಒಂದು ಮೊಬೈಲ್ ಸಂಖ್ಯೆಗೆ ಒಂದೇ ಸಲ ಎಂದಿದ್ದರೆ ಉಳಿದದ್ದನ್ನು ಬೇರೆಡೆ ಕೊಳ್ಳುವುದೇ ಸರಿ.

ಮೂರು, ಕನಿಷ್ಠ ಖರೀದಿ. ‘₹999 ಮೇಲ್ಪಟ್ಟರೆ ₹100 ಕಡಿತ’ ಎಂಬುದು. ₹850ರ ಸಾಮಾನು ಬೇಕಾಗಿದ್ದು, ಕಡಿತದ ಆಸೆಗೆ ₹150ರ ಬೇಡದ ಸ್ಟಿಕ್ಕರ್ ಸೇರಿಸಿದರೆ ಕೈಬಿಟ್ಟು ಹೋದದ್ದು ₹900. ಅಂದರೆ ₹50 ಹೆಚ್ಚೇ ಕೊಟ್ಟೆವು. ಮುಂದಿನ ತಿಂಗಳು ಹೇಗೂ ಬೇಕಾಗುವ ಪೆನ್ಸಿಲ್ ಪ್ಯಾಕೆಟ್ಟಿನಿಂದ ಆ ಅಂತರ ತುಂಬುವುದಾದರೆ ಮಾತ್ರ ಇದು ಲಾಭ.

ಈ ಮೂರಕ್ಕೂ ಒಳ್ಳೆಯ ಪರಿಹಾರ ಕ್ಲಸ್ಟರ್ (ಸುತ್ತಮುತ್ತಲ ಶಾಲೆಗಳ ಗುಂಪು) ಮಟ್ಟದಲ್ಲಿ ಸೇರಿ ಕೊಳ್ಳುವುದು. ಸಮಾಲೋಚನಾ ಸಭೆಗೆ ಎಲ್ಲ ಶಾಲೆಯ ನಲಿ-ಕಲಿ ಶಿಕ್ಷಕರೂ ಬರುತ್ತಾರೆ. ಅಲ್ಲಿ ಒಂದು ಹಾಳೆಯಲ್ಲಿ ಪಟ್ಟಿ ತಿರುಗಿಸಿ, ಎಂಟು ಜನರ ಬೇಡಿಕೆ ಒಟ್ಟುಗೂಡಿಸಿದರೆ ಹೋಲ್‌ಸೇಲ್ ಅಂಗಡಿಯ ಬಾಕ್ಸ್ ದರ ಸಿಗುತ್ತದೆ, ಸೂಪರ್ ಮಾರ್ಕೆಟ್ಟಿನ ನಾಲ್ಕರ ಮಿತಿಯ ಗೊಡವೆಯೇ ಇಲ್ಲ. ಹಣ ಮೊದಲೇ ಕೂಡಿಸಿ, ಆಮೇಲೆ ಹೊರಡಿ. ‘ಆಮೇಲೆ ಕೊಡ್ತೀನಿ ಟೀಚರ್’ ಎಂಬ ಲೆಕ್ಕ ಎರಡನೇ ವರ್ಷಕ್ಕೆ ಈ ಏರ್ಪಾಡನ್ನೇ ಮುರಿಯುತ್ತದೆ.

ಹೋಲ್‌ಸೇಲ್ ಅಂಗಡಿಯಲ್ಲಿ ‘ಎಷ್ಟು ಪರ್ಸೆಂಟ್ ಬಿಡ್ತೀರಿ’ ಎಂದು ಕೇಳಬೇಡಿ, ‘ನೆಟ್ ಎಷ್ಟು ಬೀಳುತ್ತೆ’, ಅಂದರೆ ಎಲ್ಲ ಕಳೆದು ಕೊನೆಗೆ ಕೊಡಬೇಕಾದ್ದೆಷ್ಟು ಎಂದು ಕೇಳಿ. ನೋಟ್‌ಪುಸ್ತಕ, ಸ್ಕೆಚ್ ಪೆನ್ನುಗಳ ಎಂಆರ್‌ಪಿಯನ್ನೇ ಎತ್ತರಿಸಿ ಅಚ್ಚು ಹಾಕಿರುತ್ತಾರೆ. ₹60 ಎಂಆರ್‌ಪಿಯ ಪುಸ್ತಕಕ್ಕೆ ಶೇ 40 ಬಿಟ್ಟರೆ ₹36. ₹40 ಎಂಆರ್‌ಪಿಯದಕ್ಕೆ ಶೇ 15 ಬಿಟ್ಟರೆ ₹34. ಹೆಚ್ಚು ಬಿಟ್ಟವನ ಹತ್ತಿರವೇ ಹೆಚ್ಚು ಕೊಟ್ಟಂತಾಯಿತು. ಪುಸ್ತಕದಲ್ಲಿ ಪುಟದ ಸಂಖ್ಯೆಯನ್ನೂ ನೋಡಬೇಕು. ಹಲವು ಕಂಪನಿಗಳು ರಟ್ಟನ್ನೂ ಸೇರಿಸಿ ಪುಟ ಎಣಿಸುತ್ತವೆ. ಹೊರಗಿನಿಂದ ಒಂದೇ ದಪ್ಪ ಕಾಣುವ ಎರಡು ಪುಸ್ತಕಗಳಲ್ಲಿ 172 ಪುಟದ್ದು ಯಾವುದು, 200 ಪುಟದ್ದು ಯಾವುದು ಎಂಬುದು ಹಿಂಬದಿಯ ಸಣ್ಣ ಅಕ್ಷರದಲ್ಲಿದೆ. ದರವನ್ನು ಪುಟದಿಂದ ಭಾಗಿಸಿ ಹೋಲಿಸಿ.

ಹೇಳಿದ ನೆಟ್ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದನ್ನು ಮಾಲು ಕಟ್ಟಿಸುವ ಮೊದಲೇ ಕೇಳಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕ, ಪೆನ್ಸಿಲು, ಶಾರ್ಪನರು, ರಬ್ಬರು, ಕ್ರೇಯಾನು, ಮುದ್ರಿತ ನಕ್ಷೆಗಳಿಗೆ ಜಿಎಸ್‌ಟಿ ಸೊನ್ನೆ. ಹಳೆಯ ಎಂಆರ್‌ಪಿಯ ಮಾಲು ಎದುರಿಗಿಟ್ಟರೆ ಆ ಕಡಿತ ದರದಲ್ಲಿ ಸೇರಿದೆಯೇ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಎ4 ಕಾಗದದಂಥ ಬಿಳಿ ಕಾಗದದ ತೆರಿಗೆ ಅದೇ ದಿನ ಶೇ 12ರಿಂದ 18ಕ್ಕೆ ಏರಿತು. ಹೀಗಾಗಿ ವರ್ಕ್‌ಶೀಟ್ ಜೆರಾಕ್ಸ್ ಹಾಕಿಸಿ ಹಂಚುವ ಪದ್ಧತಿ ಮೊದಲಿಗಿಂತ ದುಬಾರಿ.

ಬೆಂಗಳೂರಿಗೆ ಹತ್ತಿರವಿರುವವರಿಗೆ ಅವೆನ್ಯೂ ರಸ್ತೆ ಮತ್ತು ಸುಲ್ತಾನಪೇಟೆಯ ಕಾಗದದ ಅಂಗಡಿಗಳು ಸರಿಯಾದ ಜಾಗ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಹೆಚ್ಚಿನ ಹೋಲ್‌ಸೇಲ್ ಅಂಗಡಿಗಳ ಬಾಗಿಲು ಹಾಕಿರುತ್ತದೆ, ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಡಿ. ಭಾರದ ಅಂದಾಜೂ ಇರಲಿ: 75 ಜಿಎಸ್‌ಎಂನ (ಚದರ ಮೀಟರಿಗೆ 75 ಗ್ರಾಂ) 500 ಹಾಳೆಯ ಎ4 ಕಟ್ಟು ಸುಮಾರು 2.3 ಕೆ.ಜಿ. ಹತ್ತು ಕಟ್ಟು ಎಂದರೆ 23 ಕೆ.ಜಿ.ಗೂ ಹೆಚ್ಚು, ಒಬ್ಬರಿಂದ ಬಸ್ಸಿಗೆ ಹತ್ತಿಸಲಾಗದು. ಕಾಗದವನ್ನು ತಾಲ್ಲೂಕಿನಲ್ಲೇ ಕೊಂಡು, ಹಗುರವಾದ ಕ್ರೇಯಾನು, ಲ್ಯಾಮಿನೇಶನ್ನಿನ ಪ್ಲಾಸ್ಟಿಕ್ ಪೌಚು, ಕ್ಲಿಪ್ಪುಗಳನ್ನಷ್ಟೇ ಪೇಟೆಯಿಂದ ತರುತ್ತೇನೆ. ಜೂನ್ ಮೊದಲ ವಾರ ಹೋಗಬೇಡಿ. ಆಗ ಅವರಿಗೆ ಗಿರಾಕಿಗಳ ಕೊರತೆ ಇರುವುದಿಲ್ಲ, ದರ ಇಳಿಸುವುದಿಲ್ಲ. ಏಪ್ರಿಲ್ ರಜೆಯಲ್ಲಿ ಅಥವಾ ದಸರಾ ರಜೆಯಲ್ಲಿ ಹೋದರೆ ಕೂತು ಮಾತಾಡುತ್ತಾರೆ.

ಕೈಯಿಂದ ಹಾಕುವ ದುಡ್ಡಿನಲ್ಲಿ ಅತ್ಯಂತ ಹೆಚ್ಚು ಫಲ ಕೊಡುವುದು ಲ್ಯಾಮಿನೇಶನ್. ಒಂದು ಚಾರ್ಟ್ ಶೀಟು 22×28 ಇಂಚು. ಅದನ್ನು ಅಗಲಕ್ಕೆ ಎರಡು, ಉದ್ದಕ್ಕೆ ನಾಲ್ಕು ಭಾಗ ಮಾಡಿದರೆ 11×7 ಇಂಚಿನ ಎಂಟು ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡು), ಚೂರೂ ವ್ಯರ್ಥವಿಲ್ಲ. ಆದರೆ ಬರಿಯ ಚಾರ್ಟು ಮಕ್ಕಳ ಕೈಯಲ್ಲಿ ಒಂದು ತಿಂಗಳು ಬಾಳುವುದು ಕಷ್ಟ. ಲ್ಯಾಮಿನೇಟ್ ಆದದ್ದು ಮೂರು ವರ್ಷ ಬಂದಿದೆ. ಅಂಗಡಿಯಲ್ಲಿ ಎ4ಕ್ಕೆ ₹20ರಿಂದ 30 ತೆಗೆದುಕೊಳ್ಳುತ್ತಾರೆ. ಅಂಗಡಿಯ ದರ ನಡುವಿನ ₹25, ಯಂತ್ರಕ್ಕೆ ₹2,400, ಪೌಚಿಗೆ ₹6 ಎಂದಿಟ್ಟುಕೊಂಡರೂ ಒಂದು ಹಾಳೆಗೆ ₹19 ಉಳಿತಾಯ, 127 ಹಾಳೆಗೆ ಯಂತ್ರದ ದುಡ್ಡು ಬಂತು. ನಾಲ್ಕು ಶಾಲೆ ಸೇರಿ ಒಂದು ಯಂತ್ರ ಕೊಂಡರೆ ತಲಾ ₹600.

ಪೌಚು 125 ಮೈಕ್ರಾನ್ ಇರಲಿ. 80 ಮೈಕ್ರಾನಿನದು ಅಗ್ಗ, ಆದರೆ ಮಡಚಿಕೊಂಡು ಗೆರೆ ಬೀಳುತ್ತದೆ. ದೊಡ್ಡ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಆಮೇಲೆ ಕಾರ್ಡುಗಳಾಗಿ ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಕತ್ತರಿಸಿದ ಅಂಚಿನಲ್ಲಿ ಕಾಗದ ಹೊರಗೆ ತೆರೆದುಕೊಳ್ಳುತ್ತದೆ, ಮಳೆಗಾಲದ ತೇವ ಒಳಗಿಳಿಯುತ್ತದೆ, ಪದರ ಬಿಚ್ಚುತ್ತದೆ. ಕಾರ್ಡನ್ನು ಮೊದಲೇ 98×140 ಮಿ.ಮೀ. ಅಳತೆಗೆ ಕತ್ತರಿಸಿ. ಎ4 ಪೌಚು 216×303 ಮಿ.ಮೀ. ಇರುವುದರಿಂದ ಒಂದರಲ್ಲಿ ನಾಲ್ಕು ಕಾರ್ಡು ಕೂತು ನಡುವೆ ಸುಮಾರು ಒಂದು ಸೆಂ.ಮೀ. ಜಾಗ ಉಳಿಯುತ್ತದೆ. ಯಂತ್ರದಿಂದ ಹೊರಬಂದ ಮೇಲೆ ಆ ಖಾಲಿ ಜಾಗದ ಮಧ್ಯದಲ್ಲಿ ಕತ್ತರಿಸಿದರೆ ಪ್ರತಿ ಕಾರ್ಡಿನ ಸುತ್ತ ಪ್ಲಾಸ್ಟಿಕ್ಕಿನ ಅಂಚು ಮುಚ್ಚಿಯೇ ಇರುತ್ತದೆ. ಮೂಲೆಗಳನ್ನು ದುಂಡಗೆ ಮಾಡಿ, ಚೂಪಾದ ಮೂಲೆ ಚಿಕ್ಕ ಮಕ್ಕಳ ಕಣ್ಣಿಗೆ ಅಪಾಯ.

ಯಂತ್ರಕ್ಕೆ ಪೌಚಿನ ಮುಚ್ಚಿದ ಅಂಚು ಮೊದಲು ಹೋಗಬೇಕು. ತೆರೆದ ಅಂಚು ಮೊದಲು ಕೊಟ್ಟರೆ ಪ್ಲಾಸ್ಟಿಕ್ ರೋಲರಿಗೆ ಸುತ್ತಿಕೊಳ್ಳುತ್ತದೆ, ಬಿಡಿಸುವಷ್ಟರಲ್ಲಿ ಯಂತ್ರ ಹಾಳು. ಜುಲೈ-ಆಗಸ್ಟ್‌ನಲ್ಲಿ ಕಾಗದ ತೇವ ಹೀರಿರುತ್ತದೆ, ಹಾಗೇ ಹಾಕಿದರೆ ಮಂಜಿನಂಥ ಗುಳ್ಳೆ ಏಳುತ್ತವೆ. ಒಂದು ಗಂಟೆ ಬಿಸಿಲಿಗಿಟ್ಟು ಹಾಕಿ. ಮೇಣದ ಕ್ರೇಯಾನಿನಲ್ಲಿ ಬರೆದ ಚಿತ್ರವನ್ನು ಹಾಕಲೇಬೇಡಿ, ಮೇಣ ಕರಗಿ ಬಣ್ಣವೆಲ್ಲ ಹರಡುತ್ತದೆ. ಸ್ಕೆಚ್ ಪೆನ್ನು, ಬಣ್ಣದ ಪೆನ್ಸಿಲ್ ಪರವಾಗಿಲ್ಲ.

ಹೀಗೆ ಮಾಡಿದ ಕಾರ್ಡಿನ ಮೇಲೆ ಮಕ್ಕಳು ವೈಟ್‌ಬೋರ್ಡ್ ಮಾರ್ಕರಿನಲ್ಲಿ ಅಕ್ಷರ ತಿದ್ದಿ, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ತಿದ್ದಬಹುದು. ಜೆರಾಕ್ಸ್ ಖರ್ಚು ಅಲ್ಲಿಗೆ ನಿಂತಿತು. ಅದೇ ದಿನ ಒರೆಸಿಡಿ, ವಾರ ಬಿಟ್ಟರೆ ಕಲೆ ನಿಲ್ಲುತ್ತದೆ. ಯಾರಾದರೂ ಪರ್ಮನೆಂಟ್ ಮಾರ್ಕರಿನಲ್ಲಿ ಗೀಚಿದ್ದರೆ ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರ್ ಉಜ್ಜಿ ತಕ್ಷಣ ಒರೆಸಿ, ಎರಡೂ ಒಟ್ಟಿಗೆ ಬರುತ್ತವೆ.

ಸೀಮೆಸುಣ್ಣ ಅನುದಾನದ್ದೇ ಆದರೂ ಮುಗಿದುಹೋದಾಗ ತರುವವರು ನಾವೇ. ಗೋಡೆಹಲಗೆಯಲ್ಲಿ ಮೂವತ್ತು ಮಕ್ಕಳು ದಿನಕ್ಕೆ ಅರ್ಧರ್ಧ ಕಡ್ಡಿ ಬಳಸಿದರೆ 15 ಕಡ್ಡಿ, ನೂರರ ಡಬ್ಬಿ ಒಂದು ವಾರಕ್ಕೆ ಸಾಕು. 220 ದಿನಕ್ಕೆ 33 ಡಬ್ಬಿ. ಕಡ್ಡಿಯನ್ನು ಮೂರು ತುಂಡು ಮಾಡಿ ಕೊಟ್ಟರೆ 22 ಡಬ್ಬಿ. ಪುಟ್ಟ ಬೆರಳುಗಳಿಗೆ ಗಿಡ್ಡ ತುಂಡೇ ಹಿಡಿಯಲು ಸುಲಭ, ಕೆಳಗೆ ಬಿದ್ದು ಮುರಿಯುವುದೂ ಕಡಿಮೆ. ಇಡೀ ವರ್ಷದ್ದನ್ನು ಒಮ್ಮೆಗೇ ತಂದರೆ ತೇವಕ್ಕೆ ಮೆತ್ತಗಾಗುತ್ತದೆ. ತರಲೇಬೇಕಾದರೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ನೆಲದಿಂದ ಮೇಲೆ ಇಡಿ.

ಪೆನ್ಸಿಲನ್ನು ಮಕ್ಕಳಿಗೆ ಹಂಚುವುದಿಲ್ಲ, ಆಯಾ ಗುಂಪಿನಲ್ಲೇ ಇಡುತ್ತೇನೆ. ಗುಂಪಿಗೆ ಒಂದು ಪ್ಲಾಸ್ಟಿಕ್ ಲೋಟ, ಆರು ಮಕ್ಕಳಿಗೆ ಎಂಟು ಪೆನ್ಸಿಲು, ಎರಡು ರಬ್ಬರು. ಲೋಟಕ್ಕೂ ಪೆನ್ಸಿಲಿನ ತುದಿಗೂ ಒಂದೇ ಬಣ್ಣದ ಟೇಪು ಸುತ್ತಿದರೆ ಗುಂಪಿನವರೇ ಎಣಿಸಿ ಹಿಂದಕ್ಕಿಡುತ್ತಾರೆ. ಪ್ಯಾಕೆಟ್ಟಿನ ಜೊತೆ ಉಚಿತ ಬರುವ ಶಾರ್ಪನರನ್ನು ಲೋಟಕ್ಕೆ ಹಾಕಬೇಡಿ. ಅದರ ಬ್ಲೇಡು ಬೇಗ ಮೊಂಡಾಗಿ ಸೀಸ ಮುರಿಯುತ್ತದೆ, ಮಗು ಮತ್ತೆ ಹೆರೆಯುತ್ತದೆ, ಅರ್ಧ ಪೆನ್ಸಿಲು ಒಂದೇ ದಿನದಲ್ಲಿ ಹೋಗುತ್ತದೆ. ತಿರುಗಿಸುವ ಹಿಡಿಯ ಒಂದು ಟೇಬಲ್ ಶಾರ್ಪನರ್ ಇಟ್ಟು ಬೆಳಗ್ಗೆ ಐದು ನಿಮಿಷದಲ್ಲಿ ಎಲ್ಲವನ್ನೂ ಚೂಪು ಮಾಡಿಬಿಡುವುದೇ ಮೇಲು.

ದಾನಿಗಳು ಆಗಸ್ಟ್ 15ಕ್ಕೆ ನೋಟ್‌ಪುಸ್ತಕ ಕೊಡಲು ಬರುತ್ತಾರೆ, ಆ ಹೊತ್ತಿಗೆ ಪುಸ್ತಕ ಸಾಕಷ್ಟು ಸೇರಿರುತ್ತದೆ. ಜುಲೈನಲ್ಲೇ ಅವರ ಕೈಗೆ ಚೀಟಿ ಕೊಡಿ: 125 ಮೈಕ್ರಾನ್ ಎ4 ಪೌಚು ನೂರರದ್ದು ಎರಡು ಪ್ಯಾಕೆಟ್, ವೈಟ್‌ಬೋರ್ಡ್ ಮಾರ್ಕರು ಇಪ್ಪತ್ತು, 12 ಬಣ್ಣದ ಕ್ರೇಯಾನು ಹತ್ತು ಡಬ್ಬಿ. ಹೆಸರು, ಅಳತೆ, ಸಂಖ್ಯೆ ಬರೆದ ಚೀಟಿ ಕೊಟ್ಟಾಗ ಬೇಕಾದ್ದೇ ಬರುತ್ತದೆ. ಮಾರ್ಚ್ ಕೊನೆಗೆ ಮಕ್ಕಳ ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಬಿಡಿಸಿ, ಹಳೆಯ ರಟ್ಟು ಹಾಕಿ ದಪ್ಪ ದಾರದಲ್ಲಿ ಹೊಲಿಯಿರಿ. ಮೂವತ್ತು ಮಕ್ಕಳ ಪುಸ್ತಕದಿಂದ ಹತ್ತು-ಹನ್ನೆರಡು ಒರಟು ಪುಸ್ತಕ ಆಗುತ್ತವೆ, ಜೂನ್‌ನಲ್ಲಿ ಬರಿಗೈಯಲ್ಲಿ ಬರುವ ಮಕ್ಕಳಿಗೆ ಮೊದಲ ದಿನವೇ ಕೊಡಬಹುದು.