ಮನೆಯಲ್ಲೇ ಸರ್ವಿಸ್ ಮಾಡಿದ ಮೇಲೆ ಹಳೆಯ ಡೀಸೆಲ್ ಟ್ರಕ್ ಸ್ಟಾರ್ಟ್ ಆಗದಿದ್ದರೆ

ನಿನ್ನೆಯವರೆಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿದ್ದ ಹಳೆಯ ಟ್ರಕ್ಕು, ಮನೆಯಲ್ಲೇ ಆಯಿಲ್ ಬದಲಿಸಿ, ಹೊಸ ಡೀಸೆಲ್ ಫಿಲ್ಟರ್ ಹಾಕಿ, ಬ್ಯಾಟರಿಯ ಟರ್ಮಿನಲ್ ಉಜ್ಜಿ ಮುಗಿಸಿದ ಮೇಲೆ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗದೆ ನಿಲ್ಲುವುದುಂಟು. ಆಗ ಬಹಳಷ್ಟು ಜನ ಬ್ಯಾಟರಿ ಇಳಿದುಹೋಗುವವರೆಗೂ ಸೆಲ್ಫ್ ಹೊಡೆಯುತ್ತಾರೆ. ಅದೂ ಫಲಿಸದಿದ್ದರೆ, ಸರ್ವಿಸ್ ಮಾಡುವಾಗ ಮುಟ್ಟಿಯೇ ಇರದ ಭಾಗಗಳನ್ನು ಬಿಚ್ಚತೊಡಗುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಕೆಲಸ ಹೀಗೆ ಎರಡು ದಿನಕ್ಕೆ ಬೆಳೆಯುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಸರ್ವಿಸ್‌ಗೆ ಮೊದಲು ಚೆನ್ನಾಗಿದ್ದ ಎಂಜಿನ್ ಸರ್ವಿಸ್ ಆದೊಡನೆ ನಿಂತಿದ್ದರೆ, ದೋಷ ಬಹುಮಟ್ಟಿಗೆ ನಮ್ಮ ಕೈ ಹೋದ ಜಾಗದಲ್ಲಿಯೇ ಇರುತ್ತದೆ ಎಂದು ನಂಬಿ ಹೊರಡಬೇಕು.

ಇಲ್ಲಿ ಹೇಳುವುದೆಲ್ಲ, ನಾಝಲ್‌ಗಳಿಗೆ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗಗಳಿಗೆ) ಡೀಸೆಲ್ ಒತ್ತಿ ಕಳಿಸುವ ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಎಂಜಿನ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಎಲ್ಲ ನಾಝಲ್‌ಗಳಿಗೂ ಅಧಿಕ ಒತ್ತಡದ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನ ಪೈಪುಗಳಲ್ಲಿ ಒತ್ತಡ 1,000 ಬಾರ್‌ಗೂ ಮೀರಿರುತ್ತದೆಯಾದ್ದರಿಂದ, ಅದರ ನಾಝಲ್ ಪೈಪುಗಳನ್ನು ಮನೆಯಲ್ಲಿ ಸಡಿಲಿಸುವ ಸಾಹಸ ಖಂಡಿತ ಬೇಡ.

ಮೊದಲು: ಮುಟ್ಟಿದ್ದೇನು ಎಂಬ ಪಟ್ಟಿ

ಸೆಲ್ಫ್‌ನಿಂದ ಕೈ ತೆಗೆದು, ಏನೇನು ಬಿಚ್ಚಿದ್ದೆವು, ಯಾವ ವೈರನ್ನು ಪಕ್ಕಕ್ಕೆ ಸರಿಸಿದ್ದೆವು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ, ನೆನಪನ್ನು ನಂಬಬೇಡಿ. ಏರ್ ಫಿಲ್ಟರ್ ತೆಗೆದಾಗ ಕಸ ಬೀಳದಿರಲೆಂದು ಪೈಪಿನ ಬಾಯಿಗೆ ತುರುಕಿದ ಬಟ್ಟೆ ಅಲ್ಲಿಯೇ ಉಳಿದಿರಬಹುದು. ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಪೂರ್ತಿ ಹಿಂದಕ್ಕೆ ಹೋಗದೆ ಸಿಕ್ಕಿಕೊಂಡಿರಬಹುದು. ಕೇಬಲ್‌ಗೆ ಬದಲಾಗಿ ಪಂಪ್‌ನ ಮೇಲೆ ಸ್ಟಾಪ್ ಸೊಲೆನಾಯ್ಡ್ (ವಿದ್ಯುತ್ತಿನಿಂದ ಡೀಸೆಲ್ಲಿನ ದಾರಿ ತೆರೆಯುವ ಸಾಧನ) ಇರುವ ಗಾಡಿಗಳಲ್ಲಿ, ಅದರ ಒಂಟಿ ವೈರು ಕೈ ತಗುಲಿ ಕಳಚಿದ್ದರೂ ಪಂಪ್ ಡೀಸೆಲ್ ಬಿಡುವುದಿಲ್ಲ. ಕೀ ಆನ್ ಮಾಡಿದಾಗ ಸೊಲೆನಾಯ್ಡ್‌ನಿಂದ ಟಕ್ ಎಂಬ ಸದ್ದು ಕೇಳಬೇಕು. ಟ್ಯಾಂಕ್‌ನ ಬಳಿ ಡೀಸೆಲ್ ಕಾಕ್ ಇದ್ದರೆ ಅದು ತೆರೆದಿದೆಯೇ ಎಂಬುದನ್ನೂ ನೋಡಿಬಿಡಿ.

ಎಂಜಿನ್ ತಿರುಗುತ್ತಿದೆಯೇ?

ಕೀ ತಿರುಗಿಸಿದಾಗ ಕಟಕಟ ಸದ್ದು ಮಾತ್ರ ಬಂದು ಎಂಜಿನ್ ತಿರುಗದಿದ್ದರೆ ವಿಷಯ ವಿದ್ಯುತ್ತಿಗೆ ಸಂಬಂಧಿಸಿದ್ದು; ಡೀಸೆಲ್ ಲೈನಿನ ಗೊಡವೆಗೆ ಹೋಗಬೇಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. 24 ವೋಲ್ಟ್‌ನ ಗಾಡಿಯಲ್ಲಿ ಎರಡು ಬ್ಯಾಟರಿಗಳನ್ನೂ ಬೇರೆಬೇರೆಯಾಗಿ ಅಳೆಯಬೇಕು. ಬ್ಯಾಟರಿ ಸರಿಯಿದ್ದರೆ ಟರ್ಮಿನಲ್ಲನ್ನು ಕೈಯಿಂದ ತಿರುಚಿ ನೋಡಿ. ಅಲುಗಾಡಿದರೆ ಕಾರಣ ಸಿಕ್ಕಿತು. ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿಯನ್ನು ಮರಳಿ ಬಿಗಿಯುವುದನ್ನು ಮರೆತವರೂ ಇದ್ದಾರೆ. ಟರ್ಮಿನಲ್‌ಗೆ ಗ್ರೀಸ್ ಹಚ್ಚುವುದಾದರೆ ಬಿಗಿದ ಮೇಲೆ ಹೊರಗಿನಿಂದ ಹಚ್ಚಬೇಕೇ ಹೊರತು, ಲೋಹ ಲೋಹಕ್ಕೆ ತಾಗುವಲ್ಲಿ ಮೆತ್ತಿ ಆಮೇಲೆ ಕೂರಿಸಬಾರದು.

ತಿರುಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ

ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರ್‌ನ ಬಾಯಿ ನೋಡಲಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ ಎಂದರ್ಥ. ಸಿಲಿಂಡರನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ ಇರುವ ಎಂಜಿನ್‌ನಲ್ಲಿ ಅದರ ವೈರನ್ನು ನೋಡಿ. ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪುತ್ತಿಲ್ಲ, ಮತ್ತು ಫಿಲ್ಟರ್ ಬದಲಿಸಿದ ಗಾಡಿಯಲ್ಲಿ ಅದಕ್ಕೆ ಕಾರಣ ಬಹುಪಾಲು ಲೈನಿನಲ್ಲಿ ಸೇರಿಕೊಂಡ ಗಾಳಿ. ಗಾಳಿಯನ್ನು ಹಿಂಡಬಹುದು, ಡೀಸೆಲ್ಲನ್ನು ಹಾಗೆ ಹಿಂಡಲಾಗದು. ಪಂಪ್ ಎಷ್ಟೇ ಒತ್ತಿದರೂ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ, ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದೇ ಇಲ್ಲ.

ಇಲ್ಲಿ ಸ್ಟಾರ್ಟಿಂಗ್ ಸ್ಪ್ರೇಯ ವಿಷಯ ಹೇಳಲೇಬೇಕು. ಏರ್ ಇನ್‌ಟೇಕ್‌ಗೆ ಈಥರ್ ಹೊಡೆದು ಸ್ಟಾರ್ಟ್ ಮಾಡಿಸುವ ಅಡ್ಡದಾರಿಯನ್ನು ನಾನು ಯಾವ ಡೀಸೆಲ್ ಎಂಜಿನ್ನಿಗೂ ಒಪ್ಪುವುದಿಲ್ಲ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಮತ್ತು ರಿಂಗ್‌ಗಳನ್ನು ಒಡೆಯಬಲ್ಲದು, ಗ್ಲೋ ಪ್ಲಗ್ ಕಾದಿದ್ದರೆ ಅಪಾಯ ಇನ್ನೂ ಹೆಚ್ಚು. ಅಷ್ಟಾಗಿಯೂ ಲೈನಿನ ಗಾಳಿ ಇದ್ದಲ್ಲಿಯೇ ಇರುತ್ತದೆ.

ಏರ್ ತೆಗೆಯುವುದು

ಜನ ಅತಿ ಹೆಚ್ಚು ಎಡವುವ ಹಂತ ಇದು. ಟ್ಯಾಂಕ್‌ನಲ್ಲಿ ಸಾಕಷ್ಟು ಡೀಸೆಲ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ, ಹತ್ತಿರದಲ್ಲಿ ಬೆಂಕಿ ಇರದಿರಲಿ. ಟ್ಯಾಂಕ್‌ನ ಕಡೆಯಿಂದ ನಾಝಲ್‌ನ ಕಡೆಗೆ ಕ್ರಮವಾಗಿ ಸಾಗಬೇಕು: ಮೊದಲು ಫಿಲ್ಟರ್, ಆಮೇಲೆ ಪಂಪ್, ಕೊನೆಗೆ ನಾಝಲ್ ಪೈಪುಗಳು.

ಫಿಲ್ಟರ್ ಹೆಡ್‌ನ ಮೇಲಿರುವ ಏರ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರ್ ಒತ್ತಲು ಆರಂಭಿಸಿ. ಮೊದಲು ಬರಿ ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್ ಬರುತ್ತದೆ. ಡೀಸೆಲ್ ಕಂಡ ಕೂಡಲೇ ಸ್ಕ್ರೂ ಬಿಗಿದುಬಿಡುವುದು ಎಲ್ಲರೂ ಮಾಡುವ ತಪ್ಪು. ಒಂದೂ ಗುಳ್ಳೆಯಿಲ್ಲದ ತಿಳಿಯಾದ ಧಾರೆ ಬಂದ ಮೇಲೂ ಇಪ್ಪತ್ತು ಬಾರಿ ಒತ್ತಿ, ಏಕೆಂದರೆ ಫಿಲ್ಟರ್‌ನ ಮೂಲೆಯಲ್ಲಿ ನಿಂತ ಗಾಳಿ ತಡವಾಗಿ ಹೊರಡುತ್ತದೆ. ಕೊನೆಯ ಬಾರಿ ಪ್ರೈಮರನ್ನು ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿಯಬೇಕು. ಪ್ರೈಮರ್ ಲಿವರ್ ಮಾದರಿಯದಾಗಿದ್ದು ಒತ್ತಿದರೂ ಏನೂ ತಡೆ ಸಿಗದಿದ್ದರೆ, ಅದು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ; ಒಳಗಿನ ಕ್ಯಾಮ್ (ತಿರುಗುತ್ತಾ ಪಂಪನ್ನು ಒತ್ತುವ ಉಬ್ಬು) ಅದನ್ನು ಪೂರ್ತಿ ಎತ್ತಿ ಹಿಡಿದಿರಬಹುದು. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ.

ಪಂಪ್‌ನ ಏರ್ ಸ್ಕ್ರೂವಿನಲ್ಲೂ ಇದನ್ನೇ ಮಾಡಿ. ತಿರುಗಿಸಿ ಬಿಚ್ಚುವ ಗುಂಡಿಯಿರುವ ಪ್ರೈಮರ್ ಆಗಿದ್ದರೆ, ಕೆಲಸ ಮುಗಿದ ಮೇಲೆ ಗುಂಡಿಯನ್ನು ಒತ್ತಿ ಮರಳಿ ಬಿಗಿಯಲು ಮರೆಯಬೇಡಿ.

ಎಷ್ಟು ಹೊತ್ತು ಪ್ರೈಮರ್ ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಎಲ್ಲಿಂದಲೋ ಹೊಸ ಗಾಳಿ ಬರುತ್ತಿದೆ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ (ಟ್ಯಾಂಕ್‌ನಿಂದ ಡೀಸೆಲ್ ಎಳೆದು ಮುಂದೆ ಕಳಿಸುವ ಚಿಕ್ಕ ಪಂಪ್) ಭಾಗದಲ್ಲಿ ಡೀಸೆಲ್ ಎಳೆಯಲ್ಪಡುತ್ತದೆಯೇ ಹೊರತು ತಳ್ಳಲ್ಪಡುವುದಿಲ್ಲ. ಆದ್ದರಿಂದ ಅಲ್ಲಿನ ಸಡಿಲ ಜೋಡಣೆ ಎಂಜಿನ್ ಓಡುವಾಗ ಒಂದು ಹನಿಯನ್ನೂ ಸೋರದೆ ಗಾಳಿಯನ್ನು ಮಾತ್ರ ಒಳಗೆ ಎಳೆದುಕೊಳ್ಳಬಹುದು. ಒದ್ದೆ ಹುಡುಕುತ್ತಾ ಹೋದವರಿಗೆ ಈ ದೋಷ ಸಿಗದಿರುವುದು ಇದೇ ಕಾರಣಕ್ಕೆ. ಫೀಡ್ ಪಂಪ್‌ಗೆ ಬರುವ ಪೈಪಿನ ಜಾಗದಲ್ಲಿ ಡೀಸೆಲ್ ತಾಳುವ ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ನೀರು ಬೇರ್ಪಡಿಸುವ ಬಟ್ಟಲಿನ ಡ್ರೇನ್ ಸ್ಕ್ರೂ ಮತ್ತು ಕ್ಲಿಪ್ ಇರುವ ರಬ್ಬರ್ ಪೈಪುಗಳನ್ನು ಪರೀಕ್ಷಿಸಿ. ಫಿಲ್ಟರನ್ನು ಬಿಚ್ಚಿ ಅದರ ರಿಂಗನ್ನೂ ನೋಡಿ: ಹಳೆಯ ರಬ್ಬರ್ ರಿಂಗ್ ಹೆಡ್‌ಗೇ ಅಂಟಿ ಉಳಿದು, ಅದರ ಮೇಲೆ ಹೊಸದೂ ಕೂತು, ಎರಡೂ ಸೇರಿ ಸರಿಯಾಗಿ ಕೂರದಿರುವುದು ಬಹಳ ಸಾಮಾನ್ಯ.

ತಾಮ್ರದ ವಾಷರ್‌ಗಳನ್ನು ಪ್ರತಿ ಬಾರಿಯೂ ಹೊಸದು ಹಾಕಿ. ಸೋರುವ ಜಾಗಕ್ಕೆ ಟೆಫ್ಲಾನ್ ಟೇಪ್ ಸುತ್ತುವುದು ಅಥವಾ ಸಿಲಿಕೋನ್ ಅಂಟು ಮೆತ್ತುವುದು ಸರ್ವಥಾ ಬೇಡ. ಟೇಪಿನ ಎಳೆಯೊಂದು ಹರಿದು ನಾಝಲ್‌ಗೆ ಹೋದರೆ, ಗಾಳಿಗಿಂತ ದೊಡ್ಡ ತೊಂದರೆಯನ್ನು ನಾವೇ ಒಳಗೆ ಕಳಿಸಿದಂತಾಗುತ್ತದೆ. ಹೊಸ ಫಿಲ್ಟರ್‌ಗೆ ಡೀಸೆಲ್ ತುಂಬಿ ಕೂರಿಸುವವರು ನಡುವಿನ ದೊಡ್ಡ ರಂಧ್ರದಲ್ಲಿ ಸುರಿಯುತ್ತಾರೆ, ಸಾಮಾನ್ಯವಾಗಿ ಅದು ಸೋಸಿದ ಡೀಸೆಲ್ ಹೊರಡುವ ದಾರಿ. ಅಲ್ಲಿ ಸುರಿದದ್ದು ಸೋಸದೆಯೇ ಪಂಪ್‌ಗೆ ಹೋಗುವುದರಿಂದ, ನಾನು ಖಾಲಿ ಫಿಲ್ಟರನ್ನೇ ಕೂರಿಸಿ ಪ್ರೈಮರ್‌ನಿಂದ ತುಂಬಿಸುವುದನ್ನು ಮೆಚ್ಚುತ್ತೇನೆ.

ಈಗ ಸ್ಟಾಪ್ ಕೇಬಲ್ ಒಳಗಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡೆದು, ಎರಡು ನಿಮಿಷ ಮೋಟರ್ ತಣಿಯಲು ಬಿಡಿ. ಮೂರು ಬಾರಿಗೂ ಸ್ಟಾರ್ಟ್ ಆಗದಿದ್ದರೆ ನಾಝಲ್‌ನ ತುದಿಯಲ್ಲಿ ಪೈಪಿನ ನಟ್ಟನ್ನು ಒಂದು ಸುತ್ತಿನಷ್ಟು ಸಡಿಲಿಸಿ, ಬಟ್ಟೆ ಸುತ್ತಿ, ಸೆಲ್ಫ್ ಹೊಡೆಸಿ; ಗುಳ್ಳೆಯಿಲ್ಲದೆ ಡೀಸೆಲ್ ಚಿಮ್ಮಿದಾಗ ಸೆಲ್ಫ್ ನಿಲ್ಲಿಸಿ ನಟ್ಟು ಬಿಗಿದು ಮುಂದಿನದಕ್ಕೆ ಹೋಗಿ. ಕೈಯನ್ನು ಧಾರೆಗೆ ಎಂದೂ ಅಡ್ಡ ಹಿಡಿಯಬೇಡಿ. ಹಳೆಯ ಎಂಜಿನ್‌ನಲ್ಲಿಯೂ ಈ ಪೈಪುಗಳ ಒತ್ತಡ ಚರ್ಮವನ್ನು ತೂರಿ ಡೀಸೆಲ್ಲನ್ನು ಮಾಂಸದೊಳಗೆ ಸೇರಿಸಬಲ್ಲದು. ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸ್ಟಾರ್ಟ್ ಆದ ಮೇಲೆ

ಮೊದಲ ಒಂದೆರಡು ನಿಮಿಷ ಎಂಜಿನ್ ನಡುಗಿ ತಡವರಿಸುವುದು ಸಹಜ. ಐದು ನಿಮಿಷ ಓಡಿಸಿ ನಿಲ್ಲಿಸಿ, ಬಿಚ್ಚಿದ ಪ್ರತಿ ಜೋಡಣೆಯನ್ನೂ ಒರೆಸಿ, ಮತ್ತೆ ಓಡಿಸಿ ಒದ್ದೆಯಾಗಿದೆಯೇ ನೋಡಿ. ಟ್ರಕ್ಕನ್ನು ಅಂದೇ ದೂರ ಒಯ್ಯದೆ ರಾತ್ರಿ ನಿಲ್ಲಿಸಿಡಿ. ಬೆಳಗ್ಗೆ ಎಂದಿನಂತೆ ಸ್ಟಾರ್ಟ್ ಆದರೆ ಕೆಲಸ ಮುಗಿಯಿತು; ಉದ್ದಕ್ಕೆ ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆಗುವುದಾದರೆ, ಟ್ಯಾಂಕ್ ಮತ್ತು ಫೀಡ್ ಪಂಪ್ ನಡುವಿನ ಒಂದು ಜೋಡಣೆ ರಾತ್ರಿಯಿಡೀ ಗಾಳಿ ಎಳೆದಿದೆ, ಪಾರದರ್ಶಕ ಪೈಪನ್ನು ಮತ್ತೆ ಹಾಕಿ ಅಲ್ಲಿಂದಲೇ ಹುಡುಕಿ.