ಟ್ರೈಲರಾ, ಕಂಟೇನರಾ? ಒಪ್ಪಿಕೊಳ್ಳುವ ಮುಂಚೆ ಹೀಗೆ ಲೆಕ್ಕ ಹಾಕಿ

‘ಅಣ್ಣಾ, ಕಂಟೇನರ್‌ನವರು ಹದಿನೆಂಟು ಸಾವಿರ ಸಂಬಳ, ಮೇಲೆ ಬಾಟಾ ಅಂತಾರೆ. ಟ್ರೈಲರ್‌ನವರು ಟ್ರಿಪ್ಪಿಗೆ ನಾಲ್ಕೂವರೆ ಸಾವಿರ. ಯಾವುದಕ್ಕೆ ಹೋಗ್ಲಿ?’

ಹೊಸಪೇಟೆ ಕಡೆಯ ಲಾರಿ ಸ್ಟ್ಯಾಂಡಿನಲ್ಲಿ ವಾರಕ್ಕೆ ಒಬ್ಬ ಡ್ರೈವರ್ ಆದರೂ ಇದನ್ನು ಕೇಳುತ್ತಾನೆ. ಟ್ರೈಲರ್ ಅಂದರೆ ತೆರೆದ ಡೆಕ್ಕಿನ ಉದ್ದ ಗಾಡಿ, ಕಂಟೇನರ್ ಅಂದರೆ ಮುಚ್ಚಿದ ಪೆಟ್ಟಿಗೆಯ ಗಾಡಿ, ಬಾಟಾ ಅಂದರೆ ಟ್ರಿಪ್ಪಿಗೆ ಸಿಗುವ ಭತ್ಯೆ. ನಾನು ಎರಡನ್ನೂ ಓಡಿಸಿದವನು, ಈಗ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತು ಟ್ರಿಪ್ ಲೆಕ್ಕ ಬರೆಯುತ್ತೇನೆ. ಹುಡುಗರು ದೊಡ್ಡ ಮೊತ್ತ ನೋಡಿ ಹೋಗುತ್ತಾರೆ. ಮೂರು ತಿಂಗಳಿಗೆ ಸಂಬಳದ ಬದಲು ಅಡ್ವಾನ್ಸ್ ಸಾಲ ಹೊತ್ತುಕೊಂಡು ವಾಪಸ್ ಬರುತ್ತಾರೆ. ಕೆಳಗಿನ ರೇಟುಗಳು ಲೆಕ್ಕ ಅರ್ಥವಾಗಲಿ ಅಂತ ಹಾಕಿದ್ದು. ನಿಮಗೆ ಹೇಳಿದ ರೇಟು ಅದರ ಜಾಗದಲ್ಲಿ ಬರೆದುಕೊಳ್ಳಿ.

1. ಕಾಗದ ಪತ್ರ. ಲೈಸೆನ್ಸ್ ತಾರೀಕು ನೋಡಿಕೊಳ್ಳಿ, ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ 5 ವರ್ಷ ಅವಧಿ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ 2019ರಲ್ಲೇ ಹೋಗಿದೆ, ಅದಕ್ಕೆ ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಅನ್ನುವ ಏಜೆಂಟನಿಗೆ ದುಡ್ಡು ಕೊಡಬೇಡಿ.

2. ಟ್ರಿಪ್ ಎಣಿಸಬೇಡಿ, ದಿನ ಎಣಿಸಿ. ತೋರಣಗಲ್ಲಿನಲ್ಲಿ ಉಕ್ಕಿನ ಕಾಯಿಲ್ (ತಗಡಿನ ಸುರುಳಿ) ಹೇರಿಕೊಂಡು ಬಳ್ಳಾರಿ, ಚಳ್ಳಕೆರೆ, ಹಿರಿಯೂರು ಮೇಲೆ ಪೀಣ್ಯಕ್ಕೆ ಬರೋದು ಒಂದು ರಾತ್ರಿಯ ದಾರಿ. ಅದಕ್ಕೇ ಓನರ್ ‘ತಿಂಗಳಿಗೆ ಎಂಟು ಟ್ರಿಪ್, ಮೂವತ್ತಾರು ಸಾವಿರ’ ಅಂತಾನೆ. ಯಾರ್ಡಿನ ಕ್ಯೂ ಒಂದು ದಿನ, ಕ್ರೇನ್ ಬರುವತನಕ ಗೋಡೌನ್ ಮುಂದೆ ಇನ್ನೊಂದು ದಿನ, ವಾಪಸ್ ಲೋಡ್ ಸಿಗುವತನಕ ಮತ್ತೆ ಒಂದು. ಇದನ್ನೆಲ್ಲ ಅವನು ಹೇಳೋದಿಲ್ಲ. ಬರೋದು ಆರು ಟ್ರಿಪ್ಪೇ. ಅಂದರೆ 27,000.

3. ಕೈಯಿಂದ ಹೋಗುವುದನ್ನು ಕಳೆಯಿರಿ. ಟಾರ್ಪಾಲು ಹಾಕಿ ಬಿಚ್ಚುವುದಕ್ಕೆ ಹಮಾಲಿ 300, ಪಾರ್ಕಿಂಗ್ ಮತ್ತು ‘ದಾರಿ ಖರ್ಚು’ 400, ಪಂಕ್ಚರ್, ಗ್ರೀಸ್ 200. ಟ್ರಿಪ್ಪಿಗೆ 900 ಹೋಯಿತು. ಉಳಿದದ್ದು 3,600, ಆರು ಟ್ರಿಪ್ಪಿಗೆ 21,600. ಮನೆ ಬಿಟ್ಟಿದ್ದು 27 ದಿನ ಅಂದರೆ ದಿನಕ್ಕೆ 800. ಊಟ ಎರಡೂ ಕಡೆ ಒಂದೇ, ಅದನ್ನು ಬಿಡಿ.

4. ಡೀಸೆಲ್. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಕಂಟೇನರ್ ಕಡೆ 32 ಅಡಿಯ ಮುಚ್ಚಿದ ಗಾಡಿ, ಬೆಂಗಳೂರು–ದೆಹಲಿ ಅಂತ ಇಟ್ಟುಕೊಳ್ಳಿ. ಸಂಬಳ 18,000, ಟ್ರಿಪ್ಪಿಗೆ 5,000 ಬಾಟಾ, ತಿಂಗಳಿಗೆ ಎರಡು ಟ್ರಿಪ್. ಒಟ್ಟು 28,000. ದಾರಿ ಖರ್ಚು 1,200 ಕಳೆದರೂ ಟ್ರೈಲರ್‌ಗಿಂತ ಜಾಸ್ತಿಯೇ, ಅಲ್ವಾ? ಆದರೆ ಮಾತಿನ ಕೊನೆಗೆ ಓನರ್ ಮೆಲ್ಲಗೆ ಒಂದು ಮಾತು ಸೇರಿಸಿರುತ್ತಾನೆ: ‘ಮೈಲೇಜ್ ನಾಲ್ಕು ಕೊಡಬೇಕು, ಕಮ್ಮಿ ಬಂದರೆ ನಿನ್ನ ಲೆಕ್ಕ.’

ಹೋಗಿ ಬರಲು ಸುಮಾರು 4,300 ಕಿ.ಮೀ. ಲೀಟರಿಗೆ 4 ಬಂದರೆ 1,075 ಲೀಟರ್ ಸಾಕು. 3.8 ಬಂದರೆ 1,132 ಬೇಕು. ವ್ಯತ್ಯಾಸ 57 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 5,130. ನಿಮ್ಮ ಬಾಟಾ ಪೂರ್ತಿ ಹೋಯಿತು, ಮೇಲೆ 130 ನೀವೇ ಕೊಡಬೇಕು! ಎರಡು ಟ್ರಿಪ್ಪಿಗೆ 10,260. ತಿಂಗಳ ಕೊನೆಗೆ ಕೈಯಲ್ಲಿ 16,540. 27 ದಿನಕ್ಕೆ ಭಾಗಿಸಿ ನೋಡಿ, ದಿನಕ್ಕೆ ಸುಮಾರು 613.

ಆ 0.2 ಎಲ್ಲಿ ಹೋಗುತ್ತದೆ? ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಜೋರಾಗಿ ತಿರುಗುತ್ತಿರುವ ದಿನ ಖಾಲಿ ಕಂಟೇನರ್ ಓಡಿಸಿ, ಗೊತ್ತಾಗುತ್ತದೆ. ಅಷ್ಟೆತ್ತರದ ಪೆಟ್ಟಿಗೆ ಎದುರುಗಾಳಿಗೆ ಗೋಡೆ ಹಾಗೆ ನಿಲ್ಲುತ್ತದೆ. ಕಾಲು ಒತ್ತಿದಷ್ಟೂ ಡೀಸೆಲ್ ಕುಡಿಯುತ್ತದೆ, ಸ್ಪೀಡ್ ಮಾತ್ರ ಏರೋದಿಲ್ಲ. ಗೋಡೌನ್ ಮುಂದೆ ಎಸಿ ಹಾಕಿಕೊಂಡು ಎಂಜಿನ್ ಓಡಿಸುತ್ತಾ ಮಲಗಿದರೆ ಅದೂ ನಿಮ್ಮ ಲೆಕ್ಕಕ್ಕೇ.

ಅದಕ್ಕೇ ಮಾತಾಡುವಾಗ ಮೂರು ವಿಷಯ ಬರೆಸಿಕೊಳ್ಳಿ. ಲೋಡ್‌ಗೆ ಒಂದು ಮೈಲೇಜ್, ಖಾಲಿಗೆ ಬೇರೆ ಮೈಲೇಜ್. ಟ್ಯಾಂಕ್ ಫುಲ್ ಮಾಡಿ ಶುರು, ಅದೇ ಬಂಕಿನಲ್ಲಿ ಫುಲ್ ಮಾಡಿ ಮುಗಿಸು. ಕಾಯುವ ದಿನಕ್ಕೆ ಹಾಲ್ಟಿಂಗ್ ದುಡ್ಡು ಎಷ್ಟು. ವಾಟ್ಸ್‌ಆ್ಯಪ್ ಮೆಸೇಜ್ ಆದರೂ ಸಾಕು. ಬಾಯಿಮಾತು ಮಾತ್ರ ಬೇಡ. ಡೀಸೆಲ್‌ಗೆ ಹಾಕಿದರೆ ಮೈಲೇಜ್ ಏರುತ್ತದೆ ಅಂತ ಢಾಬಾಗಳಲ್ಲಿ ಸಣ್ಣ ಬಾಟಲಿ ಮಾರುತ್ತಾರೆ. ನಾನೂ ಹಾಕಿದ್ದೇನೆ. ಏರಿದ್ದು ಮಾರುವವನ ಮೈಲೇಜ್ ಅಷ್ಟೇ.

5. ಮೈಮುರಿತದ ಲೆಕ್ಕ. ಕಂಟೇನರ್‌ನಲ್ಲಿ ಬಾಗಿಲು ಹಾಕಿ, ಸೀಲ್ ನಂಬರ್ ಎಲ್‌ಆರ್ (ಸರಕಿನ ಲಾರಿ ರಸೀದಿ) ಜೊತೆ ತಾಳೆ ನೋಡಿ, ಫೋಟೋ ತೆಗೆದರೆ ಮುಗಿಯಿತು. ಒಳಗಿನ ಬಾಕ್ಸ್ ನೀವು ಎಣಿಸಿಲ್ಲದಿದ್ದರೆ ‘ಎಣಿಕೆ ನನ್ನದಲ್ಲ’ ಅಂತ ಎಲ್‌ಆರ್ ಮೇಲೆ ಬರೆದು ಸಹಿ ಹಾಕಿ, ಇಲ್ಲದಿದ್ದರೆ ಶಾರ್ಟೇಜ್ ನಿಮ್ಮ ತಲೆಗೆ.

ಟ್ರೈಲರ್ ಹಾಗಲ್ಲ. ಇಪ್ಪತ್ತು ಟನ್ನಿನ ಕಾಯಿಲ್ ಎರಡು ಮರದ ದಿಮ್ಮಿಗಳ ಮಧ್ಯೆ ಕೂರಬೇಕು, ಡೆಕ್ಕಿಗೆ ತಾಗಬಾರದು. ಬಗ್ಗಿ ನೋಡಿ, ಕೆಳಗೆ ಆಚೆ ಕಡೆಯ ಬೆಳಕು ಕಾಣಬೇಕು. ಬೆಳಕು ಕಾಣದಿದ್ದರೆ ಕ್ರೇನಿನವನು ಬೈದರೂ ಸರಿ, ಎತ್ತಿಸಿ ಮತ್ತೆ ಕೂರಿಸಿ. ಚೈನನ್ನು ಕಾಯಿಲ್ಲಿನ ಕಣ್ಣಿನ (ನಡುವಿನ ತೂತಿನ) ಒಳಗಿಂದ ಹಾಯಿಸಿ ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಅಂಚಿಗೆ ರಬ್ಬರ್ ತುಂಡು ಕೊಡಿ. ಹಳೇ ಟೈರಿನದೇ ಸಾಕು. ಬಳ್ಳಾರಿ ಮುಟ್ಟುವ ಮುಂಚೆ ಒಮ್ಮೆ ನಿಲ್ಲಿಸಿ ಚೈನ್ ಬಡಿದು ನೋಡಿ. ಮೊದಲ ಮೂವತ್ತು ಕಿಲೋಮೀಟರಿನಲ್ಲಿ ಲೋಡ್ ಕೂತು, ಬಿಗಿಯಾಗಿದ್ದ ಚೈನ್ ಜೋಲು ಬಿದ್ದಿರುತ್ತದೆ. ಎಷ್ಟು ಟನ್ ತಡೆಯುತ್ತೆ ಅನ್ನುವ ಚೀಟಿಯೇ ಇಲ್ಲದ ಅಗ್ಗದ ರ‍್ಯಾಚೆಟ್ ಬೆಲ್ಟ್ ಮುಟ್ಟಲೇಬೇಡಿ.

ಟಾರ್ಪಾಲಿನ ವಿಷಯದಲ್ಲಿ ನಾನು ಹಟಮಾರಿ. ದಪ್ಪ ಕ್ಯಾನ್ವಾಸೇ ಬೇಕು. ನೀಲಿ ಪ್ಲಾಸ್ಟಿಕ್ ಹಾಳೆ ಹಿರಿಯೂರು ತಲುಪುವಷ್ಟರಲ್ಲಿ ಚಿಂದಿ. ನನ್ನ ಮೊದಲ ಮಳೆಗಾಲ ಹಾಗೇ ನೀರು ನುಗ್ಗಿ ಕಾಯಿಲ್ ತುಕ್ಕು ಹಿಡಿಯಿತು. ಆ ಹಾಳೆ ಕೊಟ್ಟಿದ್ದು ಓನರ್, ಆರು ಸಾವಿರ ಕಟ್ ಆಗಿದ್ದು ನನಗೆ. ಕ್ಯಾನ್ವಾಸ್ ನೆನೆದರೆ ಇಬ್ಬರು ಸೇರಿದರೂ ಎತ್ತಲು ಆಗೋದಿಲ್ಲ, ನಿಜ. ಸೊಂಟ ನೋವಿದ್ದರೆ ಟ್ರೈಲರ್ ಬೇಡ ಅನ್ನೋದು ಅದಕ್ಕೇ.

6. ದಂಡ ಯಾರದು ಅಂತ ಮೊದಲೇ ಕೇಳಿಕೊಳ್ಳಿ. ಓವರ್‌ಲೋಡ್‌ಗೆ ಕಾಯ್ದೆಯಲ್ಲಿರುವುದು 20,000, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಸರಕು ಬಾಡಿಯಿಂದ ಹೊರಗೆ ಚಾಚಿದರೂ 20,000. ಕಾಟಾ ಚೀಟಿ (ಗಾಡಿ ತೂಕದ ಚೀಟಿ) ಕೈಗೆ ಬರದೆ ಗೇಟ್ ದಾಟಬೇಡಿ.

ನನ್ನನ್ನು ಕೇಳಿದರೆ, ಮೂವತ್ತರ ಒಳಗಿದ್ದು ಮೈಯಲ್ಲಿ ಕಸುವಿದ್ದರೆ ಮೊದಲ ಎರಡು ವರ್ಷ ಟ್ರೈಲರ್. ಲೋಡ್ ಕಟ್ಟಲು ಬಂದವನಿಗೆ ಆಮೇಲೆ ಯಾವ ಗಾಡಿಯೂ ಕಷ್ಟವಲ್ಲ. ಮಕ್ಕಳು ಶಾಲೆಗೆ ಹೋಗುತ್ತಿದ್ದರೆ, ವಾರಕ್ಕೊಮ್ಮೆಯಾದರೂ ಮನೆ ನೋಡಬೇಕು ಅಂತಿದ್ದರೆ, ದೆಹಲಿ ಲೈನ್ ಬಿಟ್ಟು ಹೊಸಕೋಟೆ, ನೆಲಮಂಗಲ ಗೋಡೌನುಗಳಿಂದ ಹುಬ್ಬಳ್ಳಿ, ಮಂಗಳೂರು ಓಡುವ ಕಂಟೇನರ್ ಹುಡುಕಿ. ಸಂಬಳ ಸ್ವಲ್ಪ ಕಮ್ಮಿ ಅಂದರೂ ಪರವಾಗಿಲ್ಲ.

ಒಪ್ಪುವ ಹಿಂದಿನ ದಿನ ಆ ಓನರ್‌ನ ಯಾರ್ಡಿಗೆ ಸುಮ್ನೆ ಒಂದು ಸುತ್ತು ಹೋಗಿ. ಅಲ್ಲಿರುವ ಡ್ರೈವರ್‌ಗೆ ಟೀ ಕೊಡಿಸಿ, ಸಂಬಳ ಎಷ್ಟು ಅಂತ ಕೇಳಬೇಡಿ. ‘ಹೋದ ತಿಂಗಳ ಸೆಟಲ್‌ಮೆಂಟ್ ಚೀಟಿ ಇದೆಯಾ?’ ಅಂತ ಕೇಳಿ. ಅದರಲ್ಲಿ ಡೀಸೆಲ್ ಕಟ್ ಅನ್ನುವ ಸಾಲು ಎಷ್ಟು ಉದ್ದ ಇದೆ ನೋಡಿ. ಚೀಟಿಯೇ ಕೊಡೋದಿಲ್ಲ ಅಂದರೆ ಟೀ ಕುಡಿದು ಎದ್ದು ಬನ್ನಿ.