ಉಬುಂಟುನಲ್ಲಿ ವೈಫೈ ಬರ್ತಿಲ್ವಾ? ಮೊದ್ಲು ಇಷ್ಟು ಮಾಡಿ
ವೈಫೈ ಕಾಣ್ತಿಲ್ಲ ಅಂತ ದಯವಿಟ್ಟು ಓಎಸ್ಸೇ ತೆಗೆದು ಮತ್ತೆ ಹಾಕೋಕೆ ಹೋಗ್ಬೇಡಿ, ಮೊದ್ಲು ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ಓಪನ್ ಮಾಡಿ 'ಆರ್‌ಎಫ್‌ಕಿಲ್ ಲಿಸ್ಟ್' (rfkill list) ಕೊಡಿ, ಅಲ್ಲಿ ಸಾಫ್ಟ್ ಬ್ಲಾಕ್ಡ್ ಯೆಸ್ (ಅಂದ್ರೆ ಸಾಫ್ಟ್‌ವೇರಲ್ಲಿ ವೈಫೈ ಆಫ್ ಆಗಿದೆ) ಅಂತಿದ್ರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' (rfkill unblock wifi) ಕೊಟ್ರೆ ಆಯ್ತು, ಹಾರ್ಡ್ ಬ್ಲಾಕ್ಡ್ ಯೆಸ್ ಅಂತಿದ್ರೆ ಲ್ಯಾಪ್‌ಟಾಪಿನ ವೈಫೈ ಸ್ವಿಚ್ ನೋಡಿ.

ಅದೆಲ್ಲ ಸರಿ ಇದ್ರೆ 'ಎಲ್‌ಎಸ್‌ಪಿಸಿಐ ಹೈಫನ್ ಕೆ' (lspci -k) ಕೊಡಿ. ನೆಟ್‌ವರ್ಕ್ ಕಂಟ್ರೋಲರ್ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನೋ ಸಾಲೇ ಇಲ್ಲಾಂದ್ರೆ ಡ್ರೈವರ್ (ವೈಫೈ ಚಿಪ್ ನಡೆಸೋ ಸಾಫ್ಟ್‌ವೇರ್) ಲೋಡ್ ಆಗಿಲ್ಲ ಅಂತ ಅರ್ಥ. ಬ್ರಾಡ್‌ಕಾಮ್ ಚಿಪ್‌ಗಳಲ್ಲಿ ಇದು ಜಾಸ್ತಿ. ಫೋನನ್ನ ಯುಎಸ್‌ಬಿ ಕೇಬಲ್ಲಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ ನೆಟ್ ತಗೊಳ್ಳಿ, ಆಮೇಲೆ ಉಬುಂಟುನಲ್ಲಿರೋ 'ಅಡಿಷನಲ್ ಡ್ರೈವರ್ಸ್' ಓಪನ್ ಮಾಡಿ ಅಲ್ಲಿ ತೋರಿಸೋದನ್ನ ಹಾಕಿ ರೀಸ್ಟಾರ್ಟ್ ಮಾಡಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಲೋಡ್ ಆಗೋಕೆ ಬಿಡದ ಸೆಟ್ಟಿಂಗ್) ಆನ್ ಇದ್ರೆ ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಇಡೋಕೆ ಕೇಳತ್ತೆ, ರೀಸ್ಟಾರ್ಟ್ ಆದಾಗ ಬರೋ ನೀಲಿ ಸ್ಕ್ರೀನಲ್ಲಿ 'ಎನ್‌ರೋಲ್ ಎಂಒಕೆ' (Enroll MOK) ಒತ್ತಿ ಅದನ್ನೇ ಕೊಡಬೇಕು, ತುಂಬಾ ಜನ ಇಲ್ಲೇ ಸ್ಕಿಪ್ ಮಾಡ್ತಾರೆ, ಆಗ ಡ್ರೈವರ್ ಹಾಕಿದ್ರೂ ಲೋಡ್ ಆಗಲ್ಲ.